ಸ್ವೀಕರಿಸುವವನ ಹೊಣೆ

ವಸ್ತುಸಂಗ್ರಹಾಲಯವೆಂದರೆ ಗಾಜಿನ ಪೆಟ್ಟಿಗೆಗಳೊಳಗಿನ ಪ್ರಾಚೀನ ಪದಾರ್ಥಗಳನ್ನು ಕೈಕಟ್ಟಿ ನಿಂತು ನೋಡಿ ಹೊರಬರತಕ್ಕ ಸ್ಥಳವೆಂಬ ಭಾವನೆ ಈಗ ಬಹುಮಟ್ಟಿಗೆ ಹಿಂದೆ ಸರಿದಿದೆ. ನೋಡಲು ಬಂದವನನ್ನು ಬರಿಯ ಪ್ರೇಕ್ಷಕನೆಂದು ಬಗೆಯದೆ ಕೃತಿಯ ನಿರ್ಮಾಣದಲ್ಲಿಯೇ ಆತನನ್ನು ಸಹಭಾಗಿಯನ್ನಾಗಿ ಮಾಡಿಕೊಳ್ಳಬೇಕೆಂಬ ಆಶಯವು ಕಲಾವಿದರಲ್ಲಿಯೂ ಸಂಗ್ರಹಾಲಯಗಳ ಮೇಲ್ವಿಚಾರಕರಲ್ಲಿಯೂ ಕೆಲವು ದಶಕಗಳಿಂದ ಬಲಿಯುತ್ತ ಬಂದು, ಆ ಆಶಯದ ಅತ್ಯಂತ ಜನಪ್ರಿಯವಾದ ರೂಪವಾಗಿ ಒಂದು ಬಗೆಯ ಯೋಜನೆ ಈಗ ಎಲ್ಲೆಡೆ ಕಾಣಿಸಿಕೊಳ್ಳುತ್ತಿದೆ. ಊರಿನ ಜನರಿಗೆ ಕರೆಯೋಲೆ ಕಳುಹಿಸುವುದು. ಅವರಿಗೆ ಯಾರೋ ಉಡುಗೊರೆಯಾಗಿ ಕೊಟ್ಟ, ಇಲ್ಲವೆ ಅವರು ಯಾರಿಗೋ ಕೊಡಬೇಕೆಂದಿದ್ದು ಕೊಡಲಾಗದೆ ಮನೆಯಲ್ಲಿಯೇ ಉಳಿದ ಪದಾರ್ಥವೊಂದನ್ನು ತಂದುಕೊಡಿರೆಂದು ಬೇಡುವುದು. ಹಾಗೆ ಬಂದ ಪದಾರ್ಥಗಳನ್ನು ಒಂದೆಡೆ ಜೋಡಿಸಿ, ಒಂದೊಂದರ ಪಕ್ಕದಲ್ಲಿಯೂ ಅದರ ಕಥೆಯನ್ನು ಬರೆದಿಟ್ಟು, ಆ ಸಮುಚ್ಚಯವನ್ನೇ ಕಲಾಕೃತಿಯೆಂದು ಸಾರುವುದು. ಈ ಯೋಜನೆಯ ಹಿಂದೆ ಒಂದು ನಂಬಿಕೆಯಿದೆ. ಅದು ಉದಾರವಾದ ನಂಬಿಕೆ. ಅದನ್ನು ಹಿಡಿದವರು ಸದುದ್ದೇಶದವರು. ಆದರೂ ಅದು ಗೋಜಲಾದ ನಂಬಿಕೆಯೆಂದು ನನಗೆ ತೋರುತ್ತದೆ. ಮತ್ತು ಆ ಗೋಜಲಿನ ಫಲವನ್ನು ಅನುಭವಿಸುವವರು ಯೋಜನೆ ಹೂಡಿದವರಲ್ಲ, ನಂಬಿ ಕೊಟ್ಟವರು. ಆದದ್ದರಿಂದ ಅದನ್ನು ಎಳೆಯೆಳೆಯಾಗಿ ಬಿಡಿಸಿ ನೋಡುವುದು ಅವಶ್ಯ.

ಪೂರ್ವಪಕ್ಷವನ್ನು ದುರ್ಬಲಗೊಳಿಸಿ ಖಂಡಿಸುವುದು ಸುಲಭ, ಅದು ನ್ಯಾಯವಲ್ಲ. ಅದನ್ನು ನೆಚ್ಚಿದವರು ಹೇಳುವಷ್ಟೇ ಬಲವಾಗಿ ಮೊದಲು ಅದನ್ನು ಹೇಳಿಬಿಡೋಣ. ಅದರಲ್ಲಿ ಮೂರು ಅಂಶಗಳು ಹೆಣೆದುಕೊಂಡಿವೆ.

1. ಉಡುಗೊರೆಯೆಂಬುದು ಸ್ವಭಾವತಃ ನಿರುಪಾಧಿಕವಾದದ್ದು. ಕ್ರಯವಿಕ್ರಯಗಳಲ್ಲಿ ಹಕ್ಕು ಬಾಧ್ಯತೆಗಳುಂಟು, ಉಡುಗೊರೆಯಲ್ಲಿ ಅವಿಲ್ಲ. ಕೊಟ್ಟವನು ಕೊಟ್ಟನು, ಅಲ್ಲಿಗೆ ವ್ಯವಹಾರ ತೀರಿತು.

2. ಕೊಡುವ ಕ್ರಿಯೆಯೇ ಭಾಗವಹಿಸುವ ಕ್ರಿಯೆ. ಯಾವ ಕ್ಷಣದಲ್ಲಿ ನಾಗರಿಕನು ತನ್ನ ಪದಾರ್ಥವನ್ನು ಸಂಗ್ರಹಾಲಯದ ಕೈಗಿತ್ತನೋ ಆ ಕ್ಷಣದಲ್ಲಿಯೇ ಆತನು ಕೃತಿಕಾರರಲ್ಲಿ ಒಬ್ಬನಾದನು. ಅದನ್ನು ತೆಗೆದುಕೊಂಡು ಚೀಟಿ ಅಂಟಿಸಿ ಕಪಾಟಿನಲ್ಲಿ ಇಡುವುದು ಗುಮಾಸ್ತನ ಕೆಲಸ. ಕಲೆಗೂ ಅದಕ್ಕೂ ಸಂಬಂಧವಿಲ್ಲ.

3. ಕೊಡುವವರು ಹೆಚ್ಚಿದಷ್ಟೂ ಕೃತಿ ಹೆಚ್ಚು ಸಾರ್ವಜನಿಕವಾಗುತ್ತದೆ; ಷರತ್ತುಗಳು ಕಡಮೆಯಾದಷ್ಟೂ ಕೊಡುವವರು ಹೆಚ್ಚುತ್ತಾರೆ. ಆದದ್ದರಿಂದ ಬಾಗಿಲನ್ನು ಆದಷ್ಟು ಅಗಲವಾಗಿ ತೆರೆದಿಡುವುದೇ ಯೋಜಕನ ಮುಖ್ಯ ಕರ್ತವ್ಯ.

ಈ ಪಕ್ಷಕ್ಕೆ ಆಧಾರವಿಲ್ಲವೆನ್ನಲಾಗದು. ಕಲಾಕೃತಿಯ ಸತ್ವವು ಅದು ಮನುಷ್ಯರ ನಡುವೆ ಉಂಟುಮಾಡುವ ಸಂಬಂಧಗಳಲ್ಲಿಯೇ ಇದೆಯೆಂದು ಫ್ರೆಂಚ್ ವಿಮರ್ಶಕ ನಿಕೊಲಾ ಬೂರಿಯೋ 1998ರಲ್ಲಿ ಪ್ರತಿಪಾದಿಸಿದ ಮೇಲೆ ಇಂಥ ಕೃತಿಗಳಿಗೆ ಸಿದ್ಧಾಂತದ ಬೆಂಬಲವೂ ದೊರೆಯಿತು. ಉದಾಹರಣೆಯ ಬೆಂಬಲವಂತೂ ಇನ್ನೂ ಪ್ರಬಲವಾದದ್ದು. ಕ್ರೊಯೇಷಿಯದ ಝಾಗ್ರೆಬ್ ನಗರದಲ್ಲಿ ಓಲಿಂಕಾ ವಿಷ್ಟಿತ್ಸಾ ಮತ್ತು ದ್ರಾಜೆನ್ ಗ್ರುಬಿಶಿಚ್ ಎಂಬ ಇಬ್ಬರು, ತಮ್ಮಿಬ್ಬರ ಪ್ರೇಮಸಂಬಂಧ ಕೊನೆಗೊಂಡ ಬಳಿಕ ಉಳಿದ ಪದಾರ್ಥಗಳನ್ನು ಏನು ಮಾಡುವುದೆಂಬ ಪ್ರಶ್ನೆಯಿಂದ ಹೊರಟು, 2006ರಲ್ಲಿ ಒಂದು ಪ್ರದರ್ಶನವನ್ನು ಏರ್ಪಡಿಸಿದರು. ಮುರಿದುಹೋದ ಸಂಬಂಧಗಳ ಅವಶೇಷಗಳನ್ನು ಕಥೆಯ ಸಹಿತ ಕಳುಹಿಸಿರೆಂದು ಅವರು ಜನರನ್ನು ಕೇಳಿದರು. ದೇಶದೇಶಗಳಿಂದ ಪದಾರ್ಥಗಳು ಬಂದವು. ಪ್ರದರ್ಶನವು ಊರೂರು ಸಂಚರಿಸಿತು. 2010ರಲ್ಲಿ ಅದಕ್ಕೆ ಶಾಶ್ವತವಾದ ಮನೆಯಾಯಿತು. ಮರುವರ್ಷ ಯೂರೋಪಿನ ಸಂಗ್ರಹಾಲಯಗಳಿಗೆ ಸಲ್ಲುವ ಕೆನೆತ್ ಹಡ್ಸನ್ ಪುರಸ್ಕಾರವೂ ಸಂದಿತು. ಹಣ ಕೊಟ್ಟು ಕೊಂಡದ್ದರಿಂದಲ್ಲ, ಅಪರಿಚಿತರು ಕೊಟ್ಟದ್ದರಿಂದಲೇ ಬೆಳೆದ ಸಂಗ್ರಹಾಲಯವದು. ಜನರು ಕೊಟ್ಟರು, ಕೃತಿಯಾಯಿತು; ಇನ್ನೇನು ಬೇಕೆಂದು ಆ ಪಕ್ಷದವರು ಕೇಳುತ್ತಾರೆ.

ಆದರೆ ಇದೇ ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಅಲ್ಲಿಯ ಪದಾರ್ಥಗಳಲ್ಲಿ ಬಹು ಪ್ರಸಿದ್ಧವಾದದ್ದು ಬರ್ಲಿನ್ನಿನಿಂದ ಬಂದ ಒಂದು ಕೊಡಲಿ. ತನ್ನನ್ನು ತೊರೆದು ಬೇರೊಬ್ಬರೊಡನೆ ಪ್ರವಾಸ ಹೋದ ಸಂಗಾತಿ ಮನೆಯಲ್ಲಿ ಬಿಟ್ಟಿದ್ದ ಪೀಠೋಪಕರಣಗಳನ್ನು, ಆ ಸಂಗಾತಿ ಹಿಂದಿರುಗುವವರೆಗೆ ದಿನಕ್ಕೊಂದರಂತೆ ಕಡಿದು ಚೂರುಮಾಡಲು ಬಳಸಿದ ಕೊಡಲಿಯದು. ಕೊಟ್ಟವರ ಸ್ಥಿತಿಯನ್ನು ಆಲೋಚಿಸಿರಿ. ಆ ಕೊಡಲಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಷ್ಟ, ಬಿಸಾಡಿಬಿಡುವುದೂ ಕಷ್ಟ. ಬಿಸಾಡುವುದೊಂದೇ ಉದ್ದೇಶವಾಗಿದ್ದರೆ ಬರ್ಲಿನ್ನಿನಲ್ಲಿ ಕಸದ ತೊಟ್ಟಿಗಳಿಗೆ ಅಭಾವವಿರಲಿಲ್ಲ. ತೊಟ್ಟಿಗೆ ಹಾಕುವುದರಲ್ಲಿಯೂ ಸಂಗ್ರಹಾಲಯಕ್ಕೆ ಕೊಡುವುದರಲ್ಲಿಯೂ ಕೈಬಿಡುವ ಕ್ರಿಯೆ ಒಂದೇ, ಪದಾರ್ಥ ಒಂದೇ, ಬಿಡುವ ಮನಸ್ಸಿನ ನೋವೂ ಒಂದೇ. ಭೇದವಿರುವುದು ಆಚೆಯ ಬದಿಯಲ್ಲಿ. ಅಲ್ಲಿ ಒಬ್ಬರು ನಿಂತು ಅದನ್ನು ತೆಗೆದುಕೊಳ್ಳುತ್ತಾರೆ. ಅದು ಏನೆಂಬುದನ್ನು ಕೇಳಿ ತಿಳಿಯುತ್ತಾರೆ. ಕೊಟ್ಟವರ ಹೆಸರನ್ನು ಹೊರಗೆಡಹದೆ ಕಥೆಯನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಅದನ್ನು ಹಾಸ್ಯಕ್ಕೊಳಪಡಿಸುವುದಿಲ್ಲವೆಂಬ ಭರವಸೆಯನ್ನು ತಮ್ಮ ನಡವಳಿಕೆಯಿಂದಲೇ ಕೊಡುತ್ತಾರೆ. ಈ ಸ್ವೀಕಾರವನ್ನು ತೆಗೆದುಹಾಕಿದರೆ ಉಳಿಯುವುದು ವಿಸರ್ಜನೆಯೇ ಹೊರತು ಕೊಡುಗೆಯಲ್ಲ. ಎಂದ ಮೇಲೆ ಸ್ವೀಕಾರವು ಕೃತಿಯ ಹೊರಗಿನ ಗುಮಾಸ್ತಗಿರಿಯೆಂಬ ಎರಡನೆಯ ಅಂಶ ನಿಲ್ಲಲಾರದು. ಕೊಡುಗೆಯನ್ನು ಕೊಡುಗೆಯನ್ನಾಗಿ ಮಾಡುವ ಅರ್ಧಭಾಗವೇ ಅದು. ಮತ್ತು ಕೊಡುವ ಅರ್ಧವು ಜನರ ವಶದಲ್ಲಿರುವುದರಿಂದ, ಕಲಾವಿದನೂ ಸಂಗ್ರಹಾಲಯವೂ ನಿಜವಾಗಿ ಯೋಜಿಸಬಹುದಾದ ಭಾಗ ಅದೊಂದೇ.

ಇನ್ನು ಮೊದಲನೆಯ ಅಂಶ: ಉಡುಗೊರೆ ನಿರುಪಾಧಿಕವೆಂಬುದು. 1925ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಮಾರ್ಸೆಲ್ ಮೋಸ್ ಎಂಬ ಫ್ರೆಂಚ್ ಸಮಾಜಶಾಸ್ತ್ರಜ್ಞನು ಪಾಲಿನೇಷಿಯ, ಮೆಲನೇಷಿಯ, ವಾಯವ್ಯ ಅಮೆರಿಕಗಳ ಜನರ ಪದ್ಧತಿಗಳನ್ನೂ ರೋಮನರ ಮತ್ತು ಭಾರತೀಯರ ಪ್ರಾಚೀನ ನ್ಯಾಯಗ್ರಂಥಗಳನ್ನೂ ಹೋಲಿಸಿ, ಉಡುಗೊರೆಯಲ್ಲಿ ಮೂರು ಬಾಧ್ಯತೆಗಳಿವೆಯೆಂದು ತೋರಿಸಿದನು: ಕೊಡುವ ಬಾಧ್ಯತೆ, ಸ್ವೀಕರಿಸುವ ಬಾಧ್ಯತೆ, ಪ್ರತಿಯಾಗಿ ಸಲ್ಲಿಸುವ ಬಾಧ್ಯತೆ. ನಮಗೆ ಇದು ಅಪೂರ್ವವಾದ ಶೋಧವೇನಲ್ಲ. ನಮ್ಮ ಮದುವೆಯ ಮನೆಗಳಲ್ಲಿ ಮಂಟಪದ ಮಗ್ಗುಲಲ್ಲಿ ನಂಟನೊಬ್ಬನು ನೋಟುಪುಸ್ತಕ ಹಿಡಿದು ಕುಳಿತು, ಇಂಥ ಊರಿನ ಇಂಥವರಿಂದ ಇಷ್ಟು ರೂಪಾಯಿ, ಇಂಥವರಿಂದ ಒಂದು ಕೊಳದಪ್ಪಲೆ, ಇಂಥವರಿಂದ ಒಂದು ಸೀರೆ ಎಂದು ಮುಯ್ಯಿಯ ಲೆಕ್ಕ ಬರೆಯುತ್ತಾನೆ. ಆ ಪುಸ್ತಕವನ್ನು ಮದುವೆ ಮುಗಿದೊಡನೆ ಎಸೆಯುವುದಿಲ್ಲ; ಪೆಟ್ಟಿಗೆಯಲ್ಲಿ ಜೋಪಾನವಾಗಿಟ್ಟು, ಹತ್ತು ಹದಿನೈದು ವರ್ಷ ಕಳೆದು ಆ ಮನೆಯಿಂದ ಲಗ್ನಪತ್ರಿಕೆ ಬಂದಾಗ ಹೊರತೆಗೆದು ನೋಡಿ, ಅದಕ್ಕೆ ಕಡಮೆಯಾಗದಂತೆ ಮುಯ್ಯಿ ತೀರಿಸುತ್ತಾರೆ. ಇದನ್ನು ವ್ಯಾಪಾರವೆಂದು ಹೀಗಳೆಯುವವರುಂಟು. ವ್ಯಾಪಾರದಲ್ಲಿ ಲೆಕ್ಕ ಚುಕ್ತವಾದೊಡನೆ ಸಂಬಂಧ ಮುಗಿಯುತ್ತದೆ. ಇಲ್ಲಿಯೋ ಲೆಕ್ಕ ಎಂದಿಗೂ ಪೂರ್ತಿಯಾಗಿ ಚುಕ್ತವಾಗದಿರುವುದೇ ಎರಡು ಮನೆಗಳನ್ನು ಒಂದಕ್ಕೊಂದು ಕಟ್ಟಿಹಾಕುವ ಸೂತ್ರ. ಉಡುಗೊರೆ ಕೊಟ್ಟಲ್ಲಿಗೆ ವ್ಯವಹಾರ ತೀರುತ್ತದೆಂಬುದು ಆದ್ದರಿಂದ ವಸ್ತುಸ್ಥಿತಿಗೆ ನೇರವಾಗಿ ವಿರುದ್ಧವಾದ ಮಾತು.

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಏಳುತ್ತದೆ, ಅದು ನಮ್ಮ ಪರಂಪರೆಯೊಳಗಿನಿಂದಲೇ ಏಳುತ್ತದೆ. ಮುಯ್ಯಿ ಲೌಕಿಕ, ಅದಕ್ಕಿಂತ ಮೇಲಾದ ದಾನವೊಂದಿದೆಯಲ್ಲವೆ? ಭಗವದ್ಗೀತೆಯ 17ನೆಯ ಅಧ್ಯಾಯವು ದಾನವನ್ನು ಮೂರಾಗಿ ವಿಂಗಡಿಸಿ, ಪ್ರತ್ಯುಪಕಾರ ಮಾಡಲಾರದವನಿಗೆ, ಕೊಡುವುದು ಕರ್ತವ್ಯವೆಂಬ ಬುದ್ಧಿಯಿಂದ ಕೊಟ್ಟದ್ದನ್ನು ಸಾತ್ತ್ವಿಕವೆಂದೂ, ಪ್ರತಿಫಲವನ್ನು ಎಣಿಸಿ ಕೊಟ್ಟದ್ದನ್ನು ರಾಜಸವೆಂದೂ ಹೇಳುತ್ತದೆ. ಸಂಗ್ರಹಾಲಯಕ್ಕೆ ಕೊಡುವ ನಾಗರಿಕನು ಸಾತ್ತ್ವಿಕ ದಾನಿಯಾಗಬಾರದೇಕೆ? ಋಣ, ಬಾಧ್ಯತೆ, ಪ್ರತಿಕ್ರಿಯೆಗಳ ಮಾತೆತ್ತಿ ಆತನ ಔದಾರ್ಯವನ್ನು ನಾವು ಕೆಳಗಿಳಿಸುತ್ತಿಲ್ಲವೆ? ಈ ಆಕ್ಷೇಪಕ್ಕೆ ಬಲವಿದೆ. ಆದರೆ ಅದು ಬೀಳಬೇಕಾದಲ್ಲಿ ಬೀಳದೆ ಬೇರೊಂದೆಡೆ ಬೀಳುತ್ತಿದೆ. ಗೀತೆಯ ಆ ವಾಕ್ಯ ದಾತೃವಿನ ಅಂತಃಕರಣವನ್ನು ಕುರಿತದ್ದು. ಕೊಟ್ಟವನು ಮರೆಯಬೇಕೆಂದು ಶಾಸ್ತ್ರ ಹೇಳಿದ್ದುಂಟು; ತೆಗೆದುಕೊಂಡವನೂ ಮರೆಯಬಹುದೆಂದು ಅದು ಎಲ್ಲಿಯೂ ಹೇಳಿಲ್ಲ. ಅದೇ ವಾಕ್ಯದಲ್ಲಿಯೇ ದೇಶ, ಕಾಲಗಳ ಜೊತೆಗೆ ಪಾತ್ರವನ್ನೂ ನೋಡಿ ಕೊಡಬೇಕೆಂಬ ನಿಯಮವಿದೆ. ಅಂದರೆ ಸ್ವೀಕರಿಸುವವನಲ್ಲಿ ಯೋಗ್ಯತೆ ಬೇಕು. ಮನುಸ್ಮೃತಿಯ 4ನೆಯ ಅಧ್ಯಾಯವು ಪ್ರತಿಗ್ರಹಕ್ಕೆ ಅರ್ಹನಾದವನೂ ಅದರಲ್ಲಿ ಆಸಕ್ತನಾಗಬಾರದೆಂದೂ, ಅದರಿಂದ ಆತನ ತೇಜಸ್ಸು ಕುಂದುತ್ತದೆಂದೂ ಎಚ್ಚರಿಸುತ್ತದೆ. ಆ ಗ್ರಂಥದ ಸಮಾಜವ್ಯವಸ್ಥೆಯನ್ನು ನಾವು ಒಪ್ಪಬೇಕಾಗಿಲ್ಲ, ನಾನು ಒಪ್ಪುವುದಿಲ್ಲ. ಆದರೆ ಸ್ವೀಕಾರವು ಅಪಾಯಕರವಾದ ಕರ್ಮವೆಂಬ ಅದರ ಅರಿವು ಯಥಾರ್ಥವಾದದ್ದು. ದಾನವು ಶುದ್ಧವಾದಷ್ಟೂ, ಅಂದರೆ ಕೊಟ್ಟವನು ಏನನ್ನೂ ಕೇಳದಷ್ಟೂ, ತೆಗೆದುಕೊಂಡವನ ಭಾರ ಹೆಚ್ಚುತ್ತದೆ. ಏಕೆಂದರೆ ಅವನನ್ನು ನೆನಪಿಸುವವರು ಯಾರೂ ಇಲ್ಲ. ದಾನಿಯ ನಿರಪೇಕ್ಷೆಯನ್ನು ಸ್ವೀಕರ್ತೃವಿನ ನಿರ್ಲಕ್ಷ್ಯಕ್ಕೆ ಪರವಾನಗಿಯನ್ನಾಗಿ ಮಾಡಿಕೊಳ್ಳುವುದು ಈ ಗೋಜಲಿನ ಮೂಲವೆಂದು ನನ್ನ ನಿಶ್ಚಿತವಾದ ಅಭಿಪ್ರಾಯ.

ಈ ವಿವೇಕ ನಮ್ಮ ನಾಡಿನಲ್ಲಿ ಪುಸ್ತಕಗಳಲ್ಲಿ ಮಾತ್ರ ಉಳಿಯದೆ ಕಲ್ಲಿನ ಮೇಲೆಯೂ ಮೂಡಿದೆ. ಕರ್ನಾಟಕದ ಉದ್ದಗಲಕ್ಕೂ ದೊರೆತಿರುವ ಸಾವಿರಾರು ದಾನಶಾಸನಗಳನ್ನು ನೋಡಿರಿ. ದಾನ ಕೊಟ್ಟವನ ಪ್ರಶಸ್ತಿ ಅವುಗಳಲ್ಲಿ ವಿಸ್ತಾರವಾಗಿಯೇ ಇರುತ್ತದೆ. ಆದರೆ ಶಾಸನವು ಅಲ್ಲಿಗೆ ನಿಲ್ಲುವುದಿಲ್ಲ. ಕೊಟ್ಟ ಭೂಮಿಯ ಚತುಸ್ಸೀಮೆ, ಅದರ ಅಳತೆ, ಅದರ ಹುಟ್ಟುವಳಿ ಯಾವ ಯಾವ ಸೇವೆಗೆ ಸಲ್ಲಬೇಕೆಂಬ ವಿವರ, ಸಾಕ್ಷಿಗಳ ಹೆಸರು, ಇವೆಲ್ಲ ಬಂದು, ಕೊನೆಯಲ್ಲಿ ಮುಂದೆ ಬರಲಿರುವ ಅರಸರನ್ನೂ ಅಧಿಕಾರಿಗಳನ್ನೂ ಉದ್ದೇಶಿಸಿದ ಶ್ಲೋಕಗಳು ಬರುತ್ತವೆ: ಈ ದಾನವನ್ನು ಕಾಪಾಡಿದವನಿಗೆ ಇಂಥ ಪುಣ್ಯ, ಅಪಹರಿಸಿದವನಿಗೆ ಇಂಥ ದುರ್ಗತಿ ಎಂದು. ಕೊಡುವುದಕ್ಕಿಂತ ಕೊಟ್ಟದ್ದನ್ನು ಪರಿಪಾಲಿಸುವುದೇ ಶ್ರೇಯಸ್ಕರವೆಂಬ ಭಾವ ಆ ಶ್ಲೋಕಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಇಲ್ಲಿ ಗಮನಿಸತಕ್ಕದ್ದೆಂದರೆ, ಕೊಟ್ಟವನು ಬದುಕಿರುವಾಗ ಅವನ ದಾನಕ್ಕೆ ಭಯವಿಲ್ಲ. ಭಯವಿರುವುದು ಆತನನ್ನು ಕಾಣದ, ಆತನ ಮುಖಕ್ಕೆ ಮಾತು ಕೊಟ್ಟಿಲ್ಲದ ಮುಂದಿನವರಿಂದ. ಸಂಗ್ರಹಾಲಯದ ಸ್ಥಿತಿಯೂ ಅಕ್ಷರಶಃ ಇದೇ. ಇಂದು ಪದಾರ್ಥವನ್ನು ಎರಡು ಕೈಯಲ್ಲಿ ತೆಗೆದುಕೊಂಡ ಅಧಿಕಾರಿ ನಾಳೆ ವರ್ಗವಾಗುತ್ತಾನೆ, ನಿವೃತ್ತನಾಗುತ್ತಾನೆ; ಕಲಾವಿದನು ಮುಂದಿನ ಕೃತಿಗೆ ಹೋಗುತ್ತಾನೆ; ಉಗ್ರಾಣದ ಬೀಗದಕೈ ಹಿಡಿದು ಬರುವ ಹೊಸಬನಿಗೆ ಅದೊಂದು ಹಳೆಯ ಡಬ್ಬಿ. ಬಾಯಿಮಾತಿನ ಆತ್ಮೀಯತೆ ಈ ಅಂತರವನ್ನು ದಾಟಲಾರದು. ದಾಟಬೇಕಾದರೆ ಬರವಣಿಗೆ ಬೇಕು, ಎಲ್ಲೆ ಬೇಕು, ಮುಂದಿನವನನ್ನು ಹಿಡಿದು ನಿಲ್ಲಿಸುವ ವಾಕ್ಯ ಬೇಕು.

ಉಡುಗೊರೆಗಳನ್ನೇ ವಸ್ತುವನ್ನಾಗಿ ಮಾಡಿಕೊಂಡ ಕೃತಿಯಲ್ಲಿ ಇನ್ನೂ ಒಂದು ತೊಡಕುಂಟು. ಯೋಜಕರು ಇದನ್ನು ಎಣಿಸುವುದು ಬಹು ವಿರಳ. ಬೆಂಗಳೂರಿನಲ್ಲಿಯೋ ಧಾರವಾಡದಲ್ಲಿಯೋ ಒಂದು ಸಂಗ್ರಹಾಲಯವು ನಿಮಗೆ ಬಂದ ಉಡುಗೊರೆಯೊಂದನ್ನು ತನ್ನಿರೆಂದು ಕರೆ ಕೊಟ್ಟಿತೆನ್ನಿ. ಬರುವ ಪದಾರ್ಥಗಳಲ್ಲಿ ಮದುವೆಯಲ್ಲಿ ಬಂದ ಸ್ಟೀಲಿನ ಪಾತ್ರೆಯೊಂದು ಇದ್ದೇ ಇರುತ್ತದೆ. ಅದನ್ನು ತಿರುಗಿಸಿ ನೋಡಿದರೆ ಅಂಚಿನ ಕೆಳಗೆ, ಅಂಗಡಿಯವನು ಯಂತ್ರದ ಸೂಜಿಯಿಂದ ಕುಟ್ಟಿ ಮೂಡಿಸಿದ ಚುಕ್ಕೆ ಚುಕ್ಕೆ ಅಕ್ಷರಗಳಲ್ಲಿ, ಕೊಟ್ಟವರ ಹೆಸರು, ಊರು, ಲಗ್ನದ ತಾರೀಖು. ಎಷ್ಟು ಬೂದಿ ಹುಣಿಸೆಹಣ್ಣು ಹಾಕಿ ಉಜ್ಜಿದರೂ ಆ ಅಕ್ಷರಗಳು ಅಳಿಯುವುದಿಲ್ಲ. ಅಳಿಯಬಾರದೆಂದೇ ಅವನ್ನು ಹಾಕಿಸಿದ್ದು. ಈ ಪಾತ್ರೆಯನ್ನು ಸಂಗ್ರಹಾಲಯಕ್ಕೆ ಕೊಡುತ್ತಿರುವವಳು ಒಬ್ಬಳು. ಅದರ ಮೈಮೇಲಿರುವ ಹೆಸರು ಮತ್ತೊಬ್ಬರದು. ಆ ಮತ್ತೊಬ್ಬರು ಅದನ್ನು ಕೊಟ್ಟದ್ದು ಒಂದು ಅಡುಗೆಮನೆಗೆ; ಊರಿನವರೆಲ್ಲ ನೋಡುವ ಗೋಡೆಗಲ್ಲ. ಕಾನೂನಿನ ದೃಷ್ಟಿಯಲ್ಲಿ ಪಾತ್ರೆಯ ಒಡೆತನ ಮನೆಯವಳದೇ, ಅದರಲ್ಲಿ ಸಂಶಯವಿಲ್ಲ. ಆದರೆ ಈ ಕೃತಿ ನಡೆಸುತ್ತಿರುವುದು ಒಡೆತನದ ವ್ಯವಹಾರವಲ್ಲ, ಸಂಬಂಧದ ವ್ಯವಹಾರ. ಸಂಬಂಧಗಳಿಗೇ ಬೆಲೆಯೆಂದು ಸಾರಿಕೊಂಡು ಬಂದ ಕಲಾವಿದನು, ಆ ಸಂಬಂಧದಲ್ಲಿ ಪಾಲುಗಾರನಾದ ಮೂರನೆಯವನನ್ನು ಕೇಳುವ ಪ್ರಸಂಗ ಬಂದಾಗ ಮಾತ್ರ ಕಾನೂನಿನ ಮರೆ ಹೊಕ್ಕರೆ ಅದು ಸಲ್ಲದು. ಪ್ರತಿಯೊಬ್ಬ ಮೊದಲ ದಾತೃವನ್ನೂ ಹುಡುಕಿ ಅನುಮತಿ ಪಡೆಯಬೇಕೆಂದು ನಾನು ಹೇಳುವುದಿಲ್ಲ. ಬಹುಮಂದಿ ಬದುಕಿಯೇ ಇರಲಾರರು. ಆದರೆ ಪದಾರ್ಥ ತಂದವರನ್ನು ಕೂಡಿಸಿಕೊಂಡು, ಈ ಹೆಸರು ಕಾಣುವಂತೆ ಇಡಬಹುದೆ, ತಿರುಗಿಸಿ ಇಡಬೇಕೆ, ಕೊಟ್ಟವರು ನೋಡಲು ಬಂದರೆ ಅವರಿಗೆ ಏನು ಹೇಳುವಿರಿ ಎಂದು ಕೇಳುವ ಒಂದು ಮಾತುಕತೆ ಸಾಧ್ಯ. ಆ ಮಾತುಕತೆಯೇ ಕೃತಿಯ ಅತ್ಯಂತ ಜೀವಂತವಾದ ಭಾಗವಾದೀತು.

ಮೂರನೆಯ ಅಂಶವಾದ ಸಂಖ್ಯೆಗೆ ಬರೋಣ. ಹೆಚ್ಚು ಜನ, ಹೆಚ್ಚು ಪದಾರ್ಥ, ಆದ್ದರಿಂದ ಹೆಚ್ಚು ಪ್ರಜಾಸತ್ತೆ ಎಂಬುದು ಮೇಲುನೋಟಕ್ಕೆ ನಿರ್ವಿವಾದವೆನಿಸುತ್ತದೆ. ಸಂಖ್ಯೆಯೇ ಅರ್ಥವಾಗತಕ್ಕ ಕೃತಿಗಳೂ ಇವೆ. ಏಡ್ಸ್ ರೋಗದಿಂದ ಮಡಿದವರ ನೆನಪಿಗಾಗಿ ಅಮೆರಿಕದಲ್ಲಿ 1987ರಿಂದ ಬೆಳೆಯುತ್ತ ಬಂದ ಮಹಾಕೌದಿಯಲ್ಲಿ ಒಂದೊಂದು ತುಂಡೂ 3 ಅಡಿ ಅಗಲ, 6 ಅಡಿ ಉದ್ದ. ಒಬ್ಬ ಮನುಷ್ಯನ ಸಮಾಧಿಯ ಅಳತೆ. ಅವುಗಳ ಸಂಖ್ಯೆ ಬೆಳೆದು ಮೈದಾನವನ್ನು ಮುಚ್ಚಿದಾಗ ಆ ವಿಸ್ತಾರವೇ ಒಂದು ವಾದವಾಯಿತು. ಆದರೆ ಅಲ್ಲಿ ಸಂಖ್ಯೆ ಅರ್ಥವತ್ತಾದದ್ದು ಒಂದೊಂದು ತುಂಡಿಗೂ ಸಮಾನವಾದ ಸ್ಥಳವೂ ಒಂದೊಂದರಲ್ಲಿ ಒಂದೊಂದು ಹೆಸರೂ ಇದ್ದುದರಿಂದ, ರಾಶಿಯಾದುದರಿಂದಲ್ಲ. ರಾಶಿಯಲ್ಲಿ ಕೊಡುಗೆ ತನ್ನ ಮುಖವನ್ನು ಕಳೆದುಕೊಂಡು ಸಾಮಗ್ರಿಯಾಗುತ್ತದೆ. ಹಿರೋಷಿಮಾದ ಶಾಂತಿಸ್ಮಾರಕ ಸಂಗ್ರಹಾಲಯದಲ್ಲಿ ಒಂದು ಮಗುವಿನ ಮೂರು ಗಾಲಿಯ ಸೈಕಲ್ಲಿದೆ. ನಾಲ್ಕು ವರ್ಷ ತುಂಬದ ಆ ಮಗು ಬಾಂಬು ಬಿದ್ದಾಗ ಅದರ ಮೇಲೆ ಆಡುತ್ತಿತ್ತು. ತಂದೆ ಮಗನನ್ನೂ ಸೈಕಲ್ಲನ್ನೂ ಹಿತ್ತಲಿನಲ್ಲಿ ಒಟ್ಟಿಗೆ ಹೂಳಿದನು. 40 ವರ್ಷಗಳ ಮೇಲೆ, 1985ರಲ್ಲಿ, ಮಗುವಿನ ಅಸ್ಥಿಯನ್ನು ಕುಟುಂಬದ ಸಮಾಧಿಗೆ ಸೇರಿಸಲೆಂದು ಅಗೆದು ತೆಗೆದಾಗ ತುಕ್ಕು ತಿಂದು ಉಳಿದಿದ್ದ ಸೈಕಲ್ಲನ್ನು ಸಂಗ್ರಹಾಲಯಕ್ಕೆ ಕೊಟ್ಟನು. ಇಂಥದೊಂದನ್ನು ಕೈನೀಡಿ ತೆಗೆದುಕೊಂಡ ಸಂಸ್ಥೆ ಅದೇ ವಾರ ಇನ್ನೂ ಎಷ್ಟನ್ನು ಅದೇ ಎಚ್ಚರದಿಂದ ತೆಗೆದುಕೊಳ್ಳಬಲ್ಲದು? ಸ್ವೀಕಾರದ ಶಕ್ತಿಗೆ ಮಿತಿಯಿದೆ. ಆ ಮಿತಿಯಾಚೆ ಬಂದ ಪ್ರತಿಯೊಂದು ಕೊಡುಗೆಯೂ ಹಿಂದೆ ಬಂದವುಗಳ ಪಾಲಿನ ಎಚ್ಚರವನ್ನು ಕಿತ್ತುಕೊಳ್ಳುತ್ತದೆ. ಕಲಾವಿದನಿಗೆ ಬೇಕಾದದ್ದು ನಿಜವಾಗಿ ರಾಶಿಯೇ ಆಗಿದ್ದರೆ, ಹಳೆಯ ಬಟ್ಟೆ ಪಾತ್ರೆಗಳನ್ನು ಗುಜರಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವುದು ಪ್ರಾಮಾಣಿಕವಾದ ದಾರಿ. ಕೊಂಡು ಸಾಗುವಲ್ಲಿ ಬೇಡಿ ಪಡೆಯುವುದೆಂದರೆ ಜನರ ವಿಶ್ವಾಸವನ್ನು ಕಚ್ಚಾವಸ್ತುವಾಗಿ ಖರ್ಚುಮಾಡಿದಂತೆ.

ಕೇಳದೆ ಬಂದ ಕೊಡುಗೆಗಳೂ ಈ ನಿಯಮಕ್ಕೆ ಹೊರತಲ್ಲ. ವಾಷಿಂಗ್ಟನ್ನಿನಲ್ಲಿ ಮಾಯಾ ಲಿನ್ ರಚಿಸಿದ ವಿಯೆಟ್ನಾಂ ಯುದ್ಧಸ್ಮಾರಕದ ಕಪ್ಪು ಗೋಡೆ 1982ರಲ್ಲಿ ಅರ್ಪಿತವಾದಂದಿನಿಂದ ಜನರು ಅದರ ಬುಡದಲ್ಲಿ ಪತ್ರ, ಪದಕ, ಬೂಟು, ಆಟಿಕೆಗಳನ್ನು ಇಟ್ಟುಹೋಗುತ್ತ ಬಂದರು. ಯಾರೂ ಅವನ್ನು ಕೇಳಿರಲಿಲ್ಲ. ಸ್ಮಾರಕದ ಯೋಜನೆಯಲ್ಲಿ ಅವಕ್ಕೆ ಸ್ಥಾನವಿರಲಿಲ್ಲ. ಆದರೂ ಅಲ್ಲಿಯ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಅವನ್ನು ಗುಡಿಸಿ ಹಾಕಲಾರದೆ ಒಟ್ಟುಗೂಡಿಸಿ ಉಗ್ರಾಣದಲ್ಲಿ ರಕ್ಷಿಸತೊಡಗಿತು. ಹೂವು ಮೊದಲಾದ ಕೊಳೆಯುವ ಪದಾರ್ಥಗಳನ್ನು ಇಟ್ಟುಕೊಳ್ಳುವುದಿಲ್ಲವೆಂಬಂಥ ನಿಯಮಗಳನ್ನೂ ಮಾಡಿಕೊಳ್ಳಬೇಕಾಯಿತು. ಕೇಳದವನಿಗೇ ಇಷ್ಟು ಹೊಣೆ ಬಂತೆಂದ ಮೇಲೆ ಕರೆಯೋಲೆ ಕಳುಹಿಸಿ ಕೇಳಿದವನ ಹೊಣೆಯನ್ನು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಎದುರಾಗಿ, ಕಲೆ ದಫ್ತರಖಾನೆಯಲ್ಲ, ಕ್ಷಣಿಕತೆ ಅದರ ಹಕ್ಕು, ಎಲ್ಲವನ್ನೂ ಶಾಶ್ವತವಾಗಿ ಕಾಪಾಡಬೇಕೆಂಬುದು ಕಲೆಯ ಕೊರಳಿಗೆ ಕಟ್ಟಿದ ಕಲ್ಲು ಎಂದು ಹೇಳುವವರಿದ್ದಾರೆ. ಇದನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ; ಆದರೆ ಇದು ನನ್ನ ವಾದಕ್ಕೆ ಬಾಧಕವಲ್ಲ, ಸಾಧಕ. ಹೊಣೆಯೆಂದರೆ ಶಾಶ್ವತವಾಗಿ ಇಟ್ಟುಕೊಳ್ಳುವುದೆಂದು ಅರ್ಥವಲ್ಲ. ಕೊಟ್ಟ ಮಾತಿನಂತೆ ನಡೆಯುವುದೆಂದು ಅರ್ಥ. ಉತ್ತರ ಐರ್ಲೆಂಡಿನ ಡೆರಿ ನಗರದಲ್ಲಿ 2015ರ ಮಾರ್ಚಿನಲ್ಲಿ ಅಮೆರಿಕದ ಶಿಲ್ಪಿ ಡೇವಿಡ್ ಬೆಸ್ಟ್ ಮರದ ಹಲಗೆಗಳಲ್ಲಿ ಕುಸುರಿಗೆಲಸದ ಎತ್ತರವಾದ ದೇಗುಲವೊಂದನ್ನು ಊರಿನವರ ಸಹಾಯದಿಂದ ಕಟ್ಟಿದನು. ದಶಕಗಳ ಕಾಲ ಮತೀಯ ಹಿಂಸೆಯನ್ನು ಕಂಡ ಊರದು. ಜನರು ಸತ್ತವರ ಚಿತ್ರಗಳನ್ನೂ ಪತ್ರಗಳನ್ನೂ ತಂದು ಒಳಗಿಟ್ಟರು, ಗೋಡೆಗಳ ಮೇಲೆ ಬರೆದರು. ಕೆಲವು ದಿನಗಳ ಬಳಿಕ ಎಲ್ಲರ ಸಮಕ್ಷಮದಲ್ಲಿ ಅದಕ್ಕೆ ಬೆಂಕಿ ಇಡಲಾಯಿತು. ಅಲ್ಲಿ ಸುಡುವುದೇ ಸ್ವೀಕಾರದ ಪೂರ್ಣತೆ. ಏಕೆಂದರೆ ತಂದವರೆಲ್ಲ ಅದು ಸುಟ್ಟುಹೋಗುತ್ತದೆಂದು ತಿಳಿದೇ, ಸುಟ್ಟುಹೋಗಲೆಂದೇ ತಂದಿದ್ದರು. ಮೈಕಲ್ ಲ್ಯಾಂಡಿಯೆಂಬ ಬ್ರಿಟಿಷ್ ಕಲಾವಿದನು 2001ರಲ್ಲಿ ಲಂಡನ್ನಿನಲ್ಲಿ ತನ್ನ ಸ್ವತ್ತಾದ 7,227 ಪದಾರ್ಥಗಳನ್ನು ಪಟ್ಟಿಮಾಡಿ ಒಂದನ್ನೂ ಉಳಿಸದೆ ಪುಡಿಮಾಡಿಸಿದ್ದೂ ಹೀಗೆಯೇ ನಿರ್ದುಷ್ಟವಾದದ್ದು; ಕಳೆದದ್ದು ಅವನದೇ. ದೋಷವಿರುವುದು ನಾಶದಲ್ಲಿ ಅಲ್ಲ. ಉಳಿಸಿಕೊಳ್ಳುವರೆಂದು ನಂಬಿ ಕೊಟ್ಟದ್ದನ್ನು, ಪ್ರದರ್ಶನ ಮುಗಿದ ಮರುದಿನ ಏನು ಮಾಡುವುದೆಂದು ತೋಚದೆ ಗೋಣಿಚೀಲಗಳಲ್ಲಿ ತುಂಬಿ ಮೂಲೆಗೆ ತಳ್ಳಿ, ಮಳೆಗಾಲ ಕಳೆಯುವಷ್ಟರಲ್ಲಿ ಗೆದ್ದಲಿನ ಪಾಲು ಮಾಡುವುದರಲ್ಲಿ ಇದೆ.

ಸಂಗ್ರಹಾಲಯವೇ ಕೊಡುವ ಕೈಯಾಗುವ ಕೃತಿಗಳ ವಿಚಾರವನ್ನೂ ಸಂಕ್ಷೇಪವಾಗಿ ಹೇಳಬೇಕು. ಈ ಎರಡು ಬಗೆಗಳನ್ನು ಒಂದೇ ಎಂದೆಣಿಸುವುದೂ ಗೋಜಲಿನ ಒಂದು ಎಳೆ. ಫೆಲಿಕ್ಸ್ ಗೊನ್ಸಾಲೆಸ್ ತೊರೆಸ್ ಎಂಬ ಕಲಾವಿದನು 1991ರಲ್ಲಿ ಬಣ್ಣದ ಕಾಗದ ಸುತ್ತಿದ ಮಿಠಾಯಿಗಳ ಒಂದು ರಾಶಿಯನ್ನು ಕೃತಿಯಾಗಿ ಇಟ್ಟನು. ಅದರ ಆದರ್ಶ ತೂಕ 175 ಪೌಂಡು. ಏಡ್ಸಿನಿಂದ ಅದೇ ವರ್ಷ ತೀರಿಕೊಂಡ ಅವನ ಸಂಗಾತಿ ರಾಸ್‌ನ ಭಾವಚಿತ್ರವೆಂದು ಅದಕ್ಕೆ ಹೆಸರು. ಬಂದವರು ಒಂದೊಂದು ಮಿಠಾಯಿ ತೆಗೆದುಕೊಳ್ಳಬಹುದು; ರಾಶಿ ಕರಗುತ್ತದೆ; ಮತ್ತೆ ತುಂಬುವುದು ಕೃತಿಯನ್ನು ಇಟ್ಟುಕೊಂಡವರ ಕೈಯಲ್ಲಿದೆ. ತೈವಾನಿನಲ್ಲಿ ಹುಟ್ಟಿದ ಕಲಾವಿದ ಲೀ ಮಿಂಗ್‌ವೇ 2009ರಲ್ಲಿ ಉದ್ದನೆಯ ಕಲ್ಲಿನ ಮೇಜಿನ ಸೀಳಿನಲ್ಲಿ ಹೂಗಳನ್ನು ನಿಲ್ಲಿಸಿ, ಬಂದವರು ಒಂದನ್ನು ಒಯ್ಯಬಹುದು, ಆದರೆ ಬಂದ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋಗಿ ಅದನ್ನು ಒಬ್ಬ ಅಪರಿಚಿತನಿಗೆ ಕೊಡಬೇಕೆಂದು ಗೊತ್ತುಮಾಡಿದನು. ಇಲ್ಲಿ ಹೊಣೆ ಹೊತ್ತವನು ಪ್ರೇಕ್ಷಕ, ಏಕೆಂದರೆ ತೆಗೆದುಕೊಂಡವನು ಅವನು. ಎರಡು ಕೃತಿಗಳಲ್ಲಿಯೂ ಕೈಗಳು ಅದಲುಬದಲಾದವೇ ಹೊರತು ಸ್ವೀಕರಿಸಿದವನ ಮೇಲೆ ಭಾರ ಬೀಳುವ ನಿಯಮ ಬದಲಾಗಲಿಲ್ಲ. ಮಿಂಗ್‌ವೇಯ ಷರತ್ತು ಜನರನ್ನು ದೂರ ಓಡಿಸಲಿಲ್ಲವೆಂಬುದೂ ಗಮನಾರ್ಹ. ಆ ಷರತ್ತಿಲ್ಲದಿದ್ದರೆ ಅದು ಬಿಟ್ಟಿ ಹೂವಾಗುತ್ತಿತ್ತು.

ಷರತ್ತಿನ ಮಾತು ಬಂದಾಗ ಉಳಿಯುವ ಕೊನೆಯ ಆಕ್ಷೇಪ ಅನುಕಂಪೆಯಿಂದ ಹುಟ್ಟಿದ್ದು. ಕರಾರುಪತ್ರ, ರಸೀತಿ, ಸಹಿಗಳೆಂದರೆ ಓದುಬರಹ ಬಾರದವರು, ಸರ್ಕಾರಿ ಕಾಗದಕ್ಕೆ ಅಂಜುವವರು ಹಿಂದೆ ಸರಿಯುತ್ತಾರೆ. ಆಗ ಕೃತಿ ಸುಶಿಕ್ಷಿತರ ಸ್ವತ್ತಾಗುತ್ತದೆ ಎಂದು. ಈ ಭಯ ನಿಜವಾದದ್ದು. ಯಾರ ನಡುವೆ, ಯಾರಿಗಾಗಿ, ಎಂಥ ಸಂಬಂಧ ಹುಟ್ಟುತ್ತಿದೆಯೆಂದು ಕೇಳಬೇಕೆಂಬ, ಕಲಾವಿಮರ್ಶಕಿ ಕ್ಲೇರ್ ಬಿಷಪ್ ಅವರ 2004ರ ಎಚ್ಚರಿಕೆಯನ್ನು ನಾನೂ ಮನ್ನಿಸುತ್ತೇನೆ. ಆದರೆ ಕಾಗದಕ್ಕೆ ಅಂಜುವವನು ಅಂಜುವುದೇಕೆ? ಇಲ್ಲಿಯವರೆಗೆ ಅವನ ಮುಂದೆ ಬಂದ ಕಾಗದಗಳೆಲ್ಲ ಅವನನ್ನು ಕಟ್ಟಿಹಾಕುವ ಕಾಗದಗಳಾಗಿದ್ದುದರಿಂದ. ನಾನು ಹೇಳುತ್ತಿರುವುದು ಸಂಗ್ರಹಾಲಯವನ್ನು ಕಟ್ಟಿಹಾಕುವ ಕಾಗದ. ಅದನ್ನು ಕನ್ನಡದಲ್ಲಿ ನಾಲ್ಕು ವಾಕ್ಯಗಳಲ್ಲಿ ಬರೆದು, ಗಟ್ಟಿಯಾಗಿ ಓದಿ ಹೇಳಿ, ಸಂಗ್ರಹಾಲಯದ ಕಡೆಯಿಂದ ಸಹಿ ಹಾಕಿ, ತಂದವನ ಕೈಗೆ ಕೊಡುವುದು ಸಾಧ್ಯ. ಬಡವನ ಮನೆಯಿಂದ ಬಂದ ಒಂದೇ ಒಂದು ಹಿತ್ತಾಳೆಯ ಚೊಂಬಿಗೆ ರಸೀತಿ ಬೇಡವೆನ್ನುವ ಔದಾರ್ಯದಲ್ಲಿ, ಅದು ಕಳೆದರೆ ಕೇಳುವವರಿಲ್ಲವೆಂಬ ಅನುಕೂಲವೂ ಸೇರಿಕೊಂಡಿರುತ್ತದೆ.

ಎಂದ ಮೇಲೆ ಇಂಥ ಕೃತಿಯ ಯೋಜನೆಯ ಕ್ರಮ ಈಗಿನದಕ್ಕೆ ವಿಪರ್ಯಯವಾಗಬೇಕು. ಈಗ ಕರೆಯೋಲೆ ಮೊದಲು, ಪ್ರದರ್ಶನ ಆಮೇಲೆ, ಉಳಿದ ಪದಾರ್ಥಗಳ ಗತಿ ಕಟ್ಟಕಡೆಗೆ. ಮೊದಲು ನಿಶ್ಚಯಿಸಬೇಕಾದದ್ದು ಆ ಕಟ್ಟಕಡೆಯದು: ಹಿಂದಿರುಗಿಸುವುದೋ, ಇಟ್ಟುಕೊಳ್ಳುವುದೋ, ಮತ್ತೊಬ್ಬರಿಗೆ ಸಲ್ಲಿಸುವುದೋ, ಸುಡುವುದೋ. ಹಿಂದಿರುಗಿಸುವುದಾದರೆ ತಾರೀಖು ಬೇಕು. ಬರದವರಿಗೆ ತಲುಪಿಸುವ ಖರ್ಚು ಬೇಕು. ಇಟ್ಟುಕೊಳ್ಳುವುದಾದರೆ ಬಟ್ಟೆ, ಮರ, ಕಾಗದಗಳಲ್ಲಿ ಹುಳುವಿದೆಯೇ ಎಂದು ಪರೀಕ್ಷಿಸಲು ಪ್ರತ್ಯೇಕವಾದ ಕೋಣೆ ಬೇಕು. ದಾಖಲೆಯ ಪುಸ್ತಕದಲ್ಲಿ ಕ್ರಮಸಂಖ್ಯೆ ಬೇಕು. ಆಮೇಲೆ ಬರುವುದು ನಿರಾಕರಣೆ: ಯಾವುದನ್ನು ತೆಗೆದುಕೊಳ್ಳುವುದಿಲ್ಲ, ಅದನ್ನು ತಂದವರಿಗೆ ಯಾವ ಮಾತಿನಲ್ಲಿ ಹೇಳುವುದು ಎಂಬುದು. ಬೇಡವೆನ್ನಲಾರದವನು ಬೇಕೆಂದದ್ದಕ್ಕೂ ಬೆಲೆಯಿಲ್ಲ. ಇದೆಲ್ಲವೂ ಆಡಳಿತದ ಶುಷ್ಕ ವಿವರವೆಂದು ತೋರುವವರಿಗೆ ಮಿಂಗ್‌ವೇಯದೇ ಮತ್ತೊಂದು ಕೃತಿಯನ್ನು ತೋರಿಸಬಹುದು. ಅದೂ 2009ರದು. ಒಂದು ಉದ್ದನೆಯ ಮೇಜು. ಎದುರುಬದಿರು ಎರಡು ಕುರ್ಚಿ. ಗೋಡೆಯ ತುಂಬ ಬಣ್ಣಬಣ್ಣದ ನೂಲಿನ ಉಂಡೆಗಳು. ಬಂದವರು ಹರಿದ ಬಟ್ಟೆಯೊಂದನ್ನು ತರುತ್ತಾರೆ; ಕಲಾವಿದನು, ಇಲ್ಲವೆ ಅವನ ಪರವಾಗಿ ಕುಳಿತವರು, ಎದುರಿಗೆ ಕೂಡಿಸಿಕೊಂಡು ಮಾತನಾಡುತ್ತ ಅದನ್ನು ಹೊಲಿಯುತ್ತಾರೆ, ಹೊಲಿಗೆ ಮರೆಯಾಗದೆ ಎದ್ದು ಕಾಣುವಂಥ ಬಣ್ಣದ ನೂಲಿನಿಂದ. ಹೊಲಿದ ಮೇಲೆ ನೂಲನ್ನು ಕತ್ತರಿಸುವುದಿಲ್ಲ. ಬಟ್ಟೆ ಮೇಜಿನ ಮೇಲೆ ಉಳಿಯುತ್ತದೆ, ಅದರ ಎಳೆ ಗೋಡೆಯ ಮೇಲಿನ ಉಂಡೆಗೆ ಅಂಟಿಕೊಂಡೇ ಇರುತ್ತದೆ. ಪ್ರದರ್ಶನದ ಕಡೆಯ ದಿನ ಅವರವರ ಬಟ್ಟೆಯನ್ನು ಅವರವರು ಬಂದು ಒಯ್ಯುತ್ತಾರೆ. ಸ್ವೀಕಾರದ ಮಾತುಕತೆ, ಸ್ವೀಕರಿಸಿದ್ದಕ್ಕೆ ಪ್ರತಿಯಾಗಿ ಮಾಡಿದ ಸೇವೆ, ಇಟ್ಟುಕೊಳ್ಳುವ ಅವಧಿ, ಹಿಂದಿರುಗಿಸುವ ದಿನ, ಇವನ್ನೆಲ್ಲ ಇಲ್ಲಿ ಕಲೆಯ ಪಕ್ಕದಲ್ಲಿ ಯಾರೋ ಗುಮಾಸ್ತರು ಮಾಡಲಿಲ್ಲ. ಅವುಗಳಿಂದಲೇ ಆ ಕಲೆ ಆದದ್ದು.

ನಮ್ಮ ಜಿಲ್ಲಾ ಕೇಂದ್ರಗಳ ಸಂಗ್ರಹಾಲಯಗಳಿಗೆ ಉಗ್ರಾಣವಿಲ್ಲ, ಸಿಬ್ಬಂದಿಯಿಲ್ಲ, ಹಣವಿಲ್ಲ. ಹೀಗಿರುವಾಗ ಇಷ್ಟೊಂದು ಹೊಣೆ ಹೊರಿಸಿದರೆ ಅವು ಜನರನ್ನು ಕರೆಯುವುದನ್ನೇ ಬಿಟ್ಟಾವೆಂದು ಯಾರಾದರೂ ಕೇಳಬಹುದು. ಪದಾರ್ಥಗಳನ್ನು ತೆಗೆದುಕೊಳ್ಳುವ ಶಕ್ತಿಯಿಲ್ಲದ ಸಂಸ್ಥೆ ಪದಾರ್ಥಗಳನ್ನು ಕೇಳದಿರುವುದೇ ಮೇಲು. ಆದರೆ ಅದಕ್ಕೆ ಬೇರೆ ದಾರಿಗಳಿವೆ. ಮಿಂಗ್‌ವೇ 1998ರಲ್ಲಿ ಆರಂಭಿಸಿದ ಪತ್ರಲೇಖನದ ಕೃತಿಯಲ್ಲಿ ಬಂದವರು ಒಂದು ಪುಟ್ಟ ಗೂಡಿನೊಳಗೆ ಕುಳಿತೋ ನಿಂತೋ ಮೊಣಕಾಲೂರಿಯೋ, ಯಾರಿಗೆ ಹೇಳಬೇಕಾದ ಕೃತಜ್ಞತೆಯನ್ನು ಅಥವಾ ಕ್ಷಮಾಪಣೆಯನ್ನು ಹೇಳದೆ ಉಳಿಸಿಕೊಂಡಿದ್ದರೋ ಅವರಿಗೆ ಪತ್ರ ಬರೆಯುತ್ತಾರೆ. ಲಕೋಟೆಯನ್ನು ಅಂಟಿಸಿ ವಿಳಾಸ ಬರೆದಿಟ್ಟರೆ ಸಂಗ್ರಹಾಲಯ ಅದನ್ನು ಅಂಚೆಗೆ ಹಾಕುತ್ತದೆ. ಅಂಟಿಸದೆ ಬಿಟ್ಟರೆ ಮಿಕ್ಕವರು ಓದಬಹುದು. ಸಂಸ್ಥೆ ಹೊರುವ ಭಾರ ಸ್ಪಷ್ಟವಾದದ್ದು, ಮಿತವಾದದ್ದು, ನೆರವೇರಿಸಲು ಸಾಧ್ಯವಾದದ್ದು. ಚಿತ್ರದುರ್ಗದಲ್ಲಿಯೋ ಕಲಬುರಗಿಯಲ್ಲಿಯೋ ಇಂಥದೊಂದನ್ನು ನಾಳೆಯೇ ನಡೆಸಬಹುದು. ಅದಕ್ಕೆ ಬೇಕಾದದ್ದು ಕಾಗದ, ಮೇಜು, ಬರೆಯಲು ಬಾರದವರಿಗೆ ಬರೆದುಕೊಡುವ ಒಬ್ಬರು, ಅಂಚೆಯ ಖರ್ಚು, ಮತ್ತು ದಿನವೂ ಸಂಜೆ ಪೆಟ್ಟಿಗೆಯನ್ನು ತೆಗೆದು ಒಂದು ಪತ್ರವೂ ತಪ್ಪದಂತೆ ಅಂಚೆಗೆ ಹಾಕಿಬರುವ ನೌಕರನೊಬ್ಬ.